ದಿವಾಳಿಯ ಸಾಲಿನಲ್ಲಿ ಮೊದಲು ಯಾರು?

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯ್ತು. ಇವತ್ತಿಗೂ ಅಲ್ಲಿನ ಮಂದಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ.

ಈಗ ಕಂಪನಿಯೊಂದು ದಿವಾಳಿಯಾಗಿ ಆಸ್ತಿ ಮಾರಿದ್ರೆ ದುಡ್ಡು ಮೊದಲು ಯಾರಿಗೆ? 2016ರ ದಿವಾಳಿ ಕಾನೂನಿನ 53ನೇ ಸೆಕ್ಷನ್ ಪ್ರಕಾರ, ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನವಿರುವ ಬ್ಯಾಂಕಿನಷ್ಟೇ ಹಕ್ಕು. ಕಾನೂನು 'ಕಾರ್ಮಿಕ' ಅಂತ ಒಪ್ಪದ ಉಳಿದ ನೌಕರರಿಗೆ 12 ತಿಂಗಳದ್ದು. ಅದೂ ಬ್ಯಾಂಕಿನ ನಂತರ.

ಇದು ನ್ಯಾಯಾನಾ? ತಿಂಗಳಿಡೀ ದುಡಿದು ಕೊನೆಗೆ ಸಂಬಳ ಪಡೆಯೋರೂ ಕಂಪನಿಗೆ ಸಾಲ ಕೊಟ್ಟವರೇ, ಬಡ್ಡಿಯಿಲ್ಲ, ಅಡಮಾನವಿಲ್ಲ. ಬ್ಯಾಂಕು ಹತ್ತು ಕಡೆ ಸಾಲ ಹಂಚಿರುತ್ತೆ, ನಮ್ಮ ದುಡಿಮೆ ಒಂದೇ ಕಡೆ. ನಷ್ಟ ತಡೆದುಕೊಳ್ಳೋ ಶಕ್ತಿ ಯಾರಿಗೆ ಕಡಿಮೆಯೋ ಅವರು ಮುಂದೆ ನಿಲ್ಲಬೇಕಲ್ವಾ?