ಆಗಲ್ಲ, ಮಾಡಲ್ಲ

ನಮ್ಮ ಓನರ್ ಅಂಕಲ್‌ಗೆ ನಾನು ಹೇಳಿದ್ದು ಒಂದೇ ಒಂದು ಚಿಕ್ಕ ಸುಳ್ಳು. ‘ಮದರ್‌ಬೋರ್ಡ್ ಹೋಗಿದೆ ಅಂಕಲ್.’

ಕಗ್ಗದಾಸಪುರದಲ್ಲಿ ಬಾಡಿಗೆಗಿರುವ ಐಟಿಯವರಿಗೆಲ್ಲ ಈ ಸಂಕಟ ಗೊತ್ತಿರುತ್ತೆ. ಬಾಗ್ಮನೆ ಟೆಕ್ ಪಾರ್ಕಲ್ಲಿ ಕೆಲಸ ಅಂದುಬಿಟ್ಟರೆ ಸಾಕು, ಗೀಸರ್‌ನಿಂದ ಸೆಟ್‌ಟಾಪ್ ಬಾಕ್ಸ್‌ವರೆಗೆ ಕರೆಂಟಿನಲ್ಲಿ ಓಡುವುದೆಲ್ಲ ನಮ್ಮ ಡಿಪಾರ್ಟ್‌ಮೆಂಟು. ನಿಜ ಹೇಳಬೇಕೆಂದರೆ ಆಫೀಸಿನಲ್ಲಿ ನನ್ನ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ನಾನೇ ಟಿಕೆಟ್ ರೈಸ್ ಮಾಡಿ ಕಾಫಿಗೆ ಹೋಗುವವನು. ಆವತ್ತು ಭಾನುವಾರ, ಹಿಂದಿನ ರಾತ್ರಿ ರಿಲೀಸ್ ಇತ್ತು, ನಿದ್ದೆ ಇರಲಿಲ್ಲ. ಅಂಕಲ್ ಕೆಳಗಿನಿಂದ ಬಂದು, ‘ಹಳೇ ಕಂಪ್ಯೂಟರ್ ಆನ್ ಆಗ್ತಿಲ್ಲ ಕಣಪ್ಪ, ಸ್ವಲ್ಪ ನೋಡು’ ಅಂದರು. ಹೋದೆ. 2007ರಲ್ಲಿ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಪೆಂಟಿಯಂ 4, ಮೇಲೆ ಕ್ರೋಶಾ ಹೊದಿಕೆ. ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪಗೇ ಇತ್ತು, ಒಳಗಿಂದ ‘ಬೀಪ್… ಬೀಪ್…’ ಅಂತ ಉದ್ದುದ್ದ ಸದ್ದು. ಒಂದು ನಿಮಿಷವೂ ನಿಲ್ಲಲಿಲ್ಲ ನಾನು. ಮದರ್‌ಬೋರ್ಡ್ ಹೋಗಿದೆ, ಇದು ರಿಪೇರಿ ಆಗಲ್ಲ, ಹೊಸದೇ ತಗೊಳ್ಳಿ ಅಂದು ಮೇಲೆ ಬಂದು ಮಲಗಿದೆ.

ಅಂಕಲ್ ಎಚ್‌ಎಎಲ್‌ನಲ್ಲಿ ಇಡೀ ಸರ್ವಿಸ್ ಫಿಟ್ಟರ್ ಆಗಿದ್ದವರು, ಕಿರಣ್ ವಿಮಾನದ ಮೇಲೆ ಕೆಲಸ ಮಾಡಿದವರು. ಮೂರು ದಿನ ಬಿಟ್ಟು ಮೆಟ್ಟಿಲ ಹತ್ತಿರ ಸಿಕ್ಕರು, ಕೈಯಲ್ಲಿ ಉದ್ದನೆ ನೋಟ್‌ಬುಕ್. ಮನೆಯ ಪಂಪ್‌ಸೆಟ್ಟು, ಸಂಪು, ಮಿಕ್ಸಿ ಎಲ್ಲದರ ಜಾತಕ ಅದರಲ್ಲಿದೆ. ‘ಕಂಪ್ಯೂಟರ್: ಮದರ್‌ಬೋರ್ಡ್ ಹೋಗಿದೆ’ ಅಂತ ಬರೆದು, ಪಕ್ಕದ ಕಾಲಮ್ ಖಾಲಿ ಬಿಟ್ಟಿದ್ದರು.

‘ಏನೇನು ಚೆಕ್ ಮಾಡ್ದೆ ಹೇಳಪ್ಪ, ಬರ್ಕೋತೀನಿ. ಸುಮ್ನೆ ರಿಜೆಕ್ಟ್ ಅಂತ ಬರೆಯೋ ಹಾಗಿಲ್ಲ ನಮ್ಮಲ್ಲಿ.’

ನಾನು ಏನೂ ಚೆಕ್ ಮಾಡಿರಲಿಲ್ಲ. ‘ಈ ಸಲ ಬಿಚ್ಚಿ ನೋಡಿ ಹೇಳ್ತೀನಿ ಅಂಕಲ್’ ಅಂದು ತಪ್ಪಿಸಿಕೊಂಡೆ.

ಆಮೇಲೆ ಯೋಚನೆ ಹತ್ತಿತು. ನನಗೆ ಬೇಕಾಗಿದ್ದದ್ದು ‘ಮಾಡಲ್ಲ’ ಅನ್ನುವುದು. ಹೇಳಿದ್ದು ‘ಆಗಲ್ಲ’. ನಮ್ಮ ಕನ್ನಡದಲ್ಲಿ ಈ ‘ಆಗಲ್ಲ’ ಭಾರೀ ಅನುಕೂಲದ ಪದ. ಮಾಡುವವನು ಯಾರು ಅಂತ ಅದು ಹೇಳುವುದೇ ಇಲ್ಲ. ನನ್ನಿಂದ ಆಗಲ್ಲವೋ, ವಸ್ತುವಿನಿಂದಲೇ ಆಗಲ್ಲವೋ, ನನಗೆ ಇಷ್ಟವಿಲ್ಲವೋ, ಮೂರಕ್ಕೂ ಒಂದೇ ಮಾತು. ‘ಬರೋಕಾಗಲ್ಲ’ ಅಂದರೆ ಯಾರೂ ಯಾಕೆ ಅಂತ ಕೆದಕುವುದಿಲ್ಲ. ‘ಬರಲ್ಲ’ ಅಂದರೆ ಜಗಳ. ಆಫೀಸಿನಲ್ಲೂ ಅಷ್ಟೇ, ಪ್ರಾಡಕ್ಟ್ ಮ್ಯಾನೇಜರ್ ಕೇಳಿದ ಫೀಚರ್ ಬೋರ್ ಹೊಡೆಸುವಂಥದ್ದಾದರೆ ‘ಟೆಕ್ನಿಕಲಿ ಫೀಸಿಬಲ್ ಅಲ್ಲ’ ಅಂತೀವಿ. ಕೌಂಟರ್‌ಗಳಲ್ಲಿ ‘ಸರ್ವರ್ ಡೌನ್’ ಅನ್ನುವುದು ಎಷ್ಟು ಸಲ ನಿಜವೋ ಆ ಸರ್ವರ್‌ಗೇ ಗೊತ್ತು.

ಹಾಗಂತ ಎಲ್ಲ ‘ಆಗಲ್ಲ’ವೂ ಪಾಪವೇ? ಕೊಲ್ಲಲು ಬಂದವನು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ 1797ರಲ್ಲಿ ಕಾಂಟ್ ವಾದಿಸಿದ್ದ. ಅಷ್ಟು ದೂರ ನಾನು ಹೋಗಲಾರೆ. ನಮ್ಮ ಮನೆಗೆಲಸದ ಅಕ್ಕ ತಿಂಗಳಿಗೊಮ್ಮೆ ‘ಹುಷಾರಿಲ್ಲ, ಬರೋಕಾಗಲ್ಲ’ ಅಂತಾರೆ. ಹುಷಾರಾಗೇ ಇರುತ್ತಾರೆ, ನನಗೂ ಗೊತ್ತು. ಆದರೆ ‘ಇವತ್ತು ಬರಲ್ಲ, ರೆಸ್ಟ್ ಬೇಕು’ ಅಂತ ಹೇಳುವ ಹಕ್ಕನ್ನು ನಾವು ಅವರಿಗೆ ಕೊಟ್ಟಿಲ್ಲ. ಅವರ ಸುಳ್ಳಿನಲ್ಲಿ ನನ್ನ ಪಾಲೂ ಇದೆ. ನನ್ನ ಸುಳ್ಳಿನ ಲೆಕ್ಕ ಬೇರೆ. ನನಗೆ ಗೊತ್ತಿದೆ ಅಂತ ಅಂಕಲ್ ನಂಬಿದ್ದರು, ನಾನು ಹೇಳಿದ್ದು ಸರಿಯೋ ತಪ್ಪೋ ನೋಡಲು ಅವರ ಹತ್ತಿರ ದಾರಿಯಿರಲಿಲ್ಲ. ನಂಬಿ ಗುಜರಿಗೆ ಹಾಕಿಬಿಟ್ಟರೆ ವಾಪಸ್ ತರಲೂ ಆಗದು. ಡಾಕ್ಟರು, ಮೆಕ್ಯಾನಿಕ್, ವಕೀಲ, ನಾವು ಸಾಫ್ಟ್‌ವೇರ್‌ನವರು, ಎಲ್ಲರಿಗೂ ಈ ಸವಲತ್ತಿದೆ. ನಮ್ಮ ಸೋಮಾರಿತನ ಎದುರಿಗಿರುವವರಿಗೆ ವಸ್ತುವಿನ ಹಣೆಬರಹದ ಥರ ಕಾಣಿಸುತ್ತೆ.

ಮುಂದಿನ ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತೆ. ಪ್ಲಗ್ ಕಿತ್ತು, ಪಕ್ಕದ ಕವರ್ ತೆಗೆದರೆ ಹದಿನೈದು ವರ್ಷಕ್ಕೂ ಮೀರಿದ ಧೂಳು, ಒಂದು ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಸಿಪ್ಪೆ. ಆಮೇಲೆ ಆ ಸದ್ದಿನ ಬಗ್ಗೆ ಓದಿದೆ. ಆನ್ ಮಾಡಿದ ಕೂಡಲೇ ಬಯೋಸ್ ಅನ್ನುವ ಪುಟ್ಟ ಪ್ರೋಗ್ರಾಂ ಎದ್ದು ರ‍್ಯಾಮ್ ಇದೆಯಾ, ಡಿಸ್‌ಪ್ಲೇ ಇದೆಯಾ ಅಂತ ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತೆ. ಸ್ಕ್ರೀನ್ ಎಚ್ಚರವಾಗುವ ಮೊದಲೇ ತೊಂದರೆ ಸಿಕ್ಕರೆ ಬರೆದು ತೋರಿಸಲು ಜಾಗವಿಲ್ಲ, ಅದಕ್ಕೇ ಕೂಗುತ್ತೆ. ಈ ಅವಾರ್ಡ್ ಬಯೋಸ್‌ನಲ್ಲಿ ಬಿಟ್ಟು ಬಿಟ್ಟು ಬರುವ ಉದ್ದ ಬೀಪ್ ಅಂದರೆ ರ‍್ಯಾಮ್ ತೊಂದರೆ. ಅಂದರೆ ಮೊದಲ ದಿನವೇ ಅದು ತನ್ನ ಕಾಯಿಲೆ ಹೆಸರು ಹೇಳುತ್ತಲೇ ಇತ್ತು, ನಾನು ಬಾಗಿಲು ಹಾಕಿಕೊಂಡು ಬಂದಿದ್ದೆ.

ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಬ್ರಶ್‌ನಲ್ಲಿ ಸ್ಲಾಟ್ ಒರೆಸಿ, ಕಿವಿ ಎರಡೂ ‘ಟಕ್’ ಅನ್ನುವವರೆಗೆ ಒತ್ತಿದೆ. ಒಂದೇ ಚಿಕ್ಕ ಬೀಪ್. ಸ್ಕ್ರೀನ್ ಬಂತು! ಆದರೆ ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ ಅಂತ ನಿಂತಿತು. ತಾರೀಖು 2006ರ ಜನವರಿ 1. ಬೋರ್ಡಿನ ಮೇಲಿರುವ ಸಿಆರ್2032 ನಾಣ್ಯದ ಸೆಲ್ ಖಾಲಿಯಾಗಿತ್ತು, ಮೂರು ವೋಲ್ಟಿನದು. ರೈಲ್ವೆ ಗೇಟಿನ ಹತ್ತಿರದ ಅಂಗಡಿಯಲ್ಲಿ ಐವತ್ತು ರೂಪಾಯಿ ಕೊಟ್ಟು ತಂದು ಹಾಕಿದೆ. ಎಕ್ಸ್‌ಪಿಯ ಹಸಿರು ಗುಡ್ಡ ಬಂದಾಗ ಅಂಕಲ್ ಕುರ್ಚಿ ಎಳೆದು ಹತ್ತಿರ ಕೂತರು.

ಡಿ ಡ್ರೈವ್‌ನಲ್ಲಿ ಆಂಟಿಯ ಹೆಸರಿನ ಫೋಲ್ಡರ್. ಆಂಟಿ ಹೋಗಿ ನಾಲ್ಕು ವರ್ಷ. ನುಡಿಯಲ್ಲಿ ಟೈಪ್ ಮಾಡೋದು ಕಲಿತು, ಪುಣೆಯಲ್ಲಿರುವ ಮಗಳಿಗೆ ಬರೆದ ಕಾಗದಗಳು. ಪ್ರಿಂಟ್ ತೆಗೆದು ಪೋಸ್ಟ್ ಮಾಡುತ್ತಿದ್ದರಂತೆ. ‘ಸ್ವಲ್ಪ ನೋಡು’ ಅಂದಾಗ ಅಂಕಲ್ ಇದನ್ನು ಹೇಳಿರಲಿಲ್ಲ. ನಾನು ಪೆಂಟಿಯಂ 4ಕ್ಕೆ ಗುಜರಿಯಲ್ಲಿ ಎಷ್ಟು ಸಿಗಬಹುದು ಅನ್ನುವುದನ್ನಷ್ಟೇ ಅಂದಾಜು ಮಾಡಿದ್ದೆ.

ಪೆನ್‌ಡ್ರೈವ್‌ಗೆ ಹಾಕಿ ನನ್ನ ಲ್ಯಾಪ್‌ಟಾಪಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಹಳೇ ನುಡಿ ಫಾಂಟ್, ಯೂನಿಕೋಡ್ ಅಲ್ಲ. ‘ಇದು ಹೊಸದರಲ್ಲಿ ಬರಲ್ಲ’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಸತ್ಯವಾಗಿ. ಕನ್ವರ್ಟರ್ ಹುಡುಕಿದೆ, ಸಿಕ್ಕಿತು. ಒಂದಷ್ಟು ಒತ್ತಕ್ಷರ ಎಡವಟ್ಟಾದವು, ಕೂತು ಸರಿಮಾಡಿದೆ. ಓದದೆ ತಿದ್ದುವುದು ಹೇಗೆ ಅಂತ ಅಂಕಲ್‌ನ ಕೇಳಿದ್ದಕ್ಕೆ, ‘ಓದು, ಪರವಾಗಿಲ್ಲ. ಬರೀ ಸಾರು ಹುಳಿ ವಿಷಯಾನೇ’ ಅಂದರು.

ಇಂಟರ್‌ನೆಟ್‌ಗೆ ಮಾತ್ರ ಹಾಕಬೇಡಿ, 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿ ಸಪೋರ್ಟ್ ನಿಂತುಹೋಗಿದೆ ಅಂದೆ.

‘ಅವತ್ತಿಂದ ಕೆಟ್ಟುಹೋಯ್ತಾ?’

‘ಇಲ್ಲ ಅಂಕಲ್. ಇನ್ಮೇಲೆ ರಿಪೇರಿ ಮಾಡಲ್ಲ ಅಂತ ಕಂಪನಿಯವರು ಹೇಳಿದ್ರು.’

‘ಮಾಡಲ್ಲ ಅಂತ ಹೇಳೇ ಬಿಟ್ರಲ್ಲ, ಬಿಡು.’ ಬೇಕಂತಲೇ ಅಂದರೋ ಏನೋ.

ಆಗ ಹೇಳಿದೆ, ಅವತ್ತು ನಾನು ಏನೂ ನೋಡಿರಲಿಲ್ಲ, ನಿದ್ದೆ ಬರ್ತಿತ್ತು ಅಂತ. ಅಂಕಲ್ ನೋಟ್‌ಬುಕ್ ತೆಗೆದು ‘ರ‍್ಯಾಮ್ ಉಜ್ಜಿದ್ದು, ಸೆಲ್ ಹೊಸದು’ ಅಂತ ಬರೆಯುತ್ತಾ, ತಲೆ ಎತ್ತದೆ ಅಂದರು: ‘ಗೊತ್ತಿತ್ತು ಕಣಪ್ಪ. ಸೌಂಡ್ ಬರ್ತಿತ್ತಲ್ಲ. ಹೆಣ ಎಲ್ಲಾದ್ರೂ ಕೂಗುತ್ತಾ?’