ಮಾಲೆ ತೆಗೆದ ವರ್ಷ

ಸ್ವಾಮಿಯೇ ಶರಣಂ ಅಯ್ಯಪ್ಪ.

ಮಾಲೆ ಹಾಕಿದ ಸ್ವಾಮಿಗಳೇ, ಈ ಸಲ ಮೊದಲ ಬಾರಿ ಮಲೆಗೆ ಹೊರಟ ಕನ್ನಿಸ್ವಾಮಿಗಳೇ, ಇಂದು ಸಾವಿನ ಬಗ್ಗೆ ನಾಲ್ಕು ಮಾತು. ವ್ರತದಲ್ಲಿ ಇದೆಂಥ ಮಾತು ಅನ್ನಬೇಡಿ. ನಾವು ಹೊರುವ ಇರುಮುಡಿಯಲ್ಲೇ ಈ ಪಾಠ ಇದೆ.

ಅದು ನನ್ನ ನಾಲ್ಕನೇ ವರ್ಷದ ವ್ರತ. 27ನೇ ದಿನ ನಮ್ಮ ಡೊಂಬಿವಲಿ ಮನೆಯಲ್ಲಿ ಅಪ್ಪ ತೀರಿಕೊಂಡರು. ಸೂತಕ ಬಂತು, ಗುರುಸ್ವಾಮಿಗಳು ಮಾಲೆ ತೆಗೆಸಿದರು. ಆ ವರ್ಷ ಯಾತ್ರೆ ಇಲ್ಲ. ನಿಜ ಹೇಳುತ್ತೇನೆ, ಅಯ್ಯಪ್ಪನ ಮೇಲೆ ಸಿಟ್ಟು ಬಂತು. ಬೆಳಗಿನ ಜಾವದ ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ, ದಿನಾ ಸಂಜೆ ಭಜನೆ. ಇಷ್ಟಕ್ಕೂ ಸಿಕ್ಕಿದ್ದು ಇದೇನಾ?

ನನ್ನ ತಮ್ಮನಿಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೆ ನಾನು ಬೇರೆಯವರ ಮನೆಗಳಲ್ಲಿ ಶರಣು ಕೂಗುತ್ತಿದ್ದಾಗ ಅಪ್ಪನ ಕಾಲಿಗೆ ಎಣ್ಣೆ ತಿಕ್ಕಿದವನು, ಗಂಜಿ ಕುಡಿಸಿದವನು, ರಾತ್ರಿ ಎದ್ದು ಮಗ್ಗುಲು ಬದಲಿಸಿದವನು ಅವನೇ. "ಅಣ್ಣಾ, ಸತ್ತ ಮೇಲೆ ಏನಿದೆಯೋ ನಂಗೊತ್ತಿಲ್ಲ. ಅಪ್ಪ ಇರೋವಾಗ ಮಾಡ್ಬೇಕು ಅಂತ ಮಾತ್ರ ಗೊತ್ತಿತ್ತು" ಅಂದ. ಬೀದಿಯಲ್ಲಿ ಸಿಕ್ಕವರನ್ನೆಲ್ಲ ಸ್ವಾಮಿ ಎಂದು ಕರೆದ ನಾನು, ಮನೆಯೊಳಗೆ ಮಲಗಿದ್ದ ಸ್ವಾಮಿಯನ್ನು ನೋಡಿರಲಿಲ್ಲ.

ವರ್ಷ ಕಳೆದು ಮತ್ತೆ ಮಾಲೆ ಹಾಕಿದೆ. ಪಂಪೆಯಲ್ಲಿ ಅಪ್ಪನಿಗೆ ತರ್ಪಣ ಬಿಟ್ಟು ಮಲೆ ಹತ್ತಿದೆ. ಇರುಮುಡಿ ಕಟ್ಟುವ ದಿನ ತೆಂಗಿನಕಾಯಿಯ ನೀರು ಬಸಿದು ತುಪ್ಪ ತುಂಬುತ್ತೇವಲ್ಲ, ಆ ನೀರು ನಮ್ಮ ಮೋಹ, ತುಪ್ಪ ಜೀವ, ಕಾಯಿ ಈ ದೇಹ ಎನ್ನುತ್ತಾರೆ ಹಿರಿಯರು. ತುಪ್ಪ ಅಭಿಷೇಕಕ್ಕೆ ಹೋದ ಮೇಲೆ ಬರಿದಾದ ಹೋಳನ್ನು ಆಳಿಯ ಬೆಂಕಿಗೆ ಹಾಕಬೇಕು. ಹಾಕುವಾಗ ಕೈ ನಡುಗಿತು. ಸ್ಮಶಾನದಲ್ಲಿ ಅಪ್ಪನಿಗೆ ಬೆಂಕಿಯಿಟ್ಟ ದಿನ ಕಣ್ಣಮುಂದೆ ಬಂತು. ಹೋಳು ಉರಿದೇ ಉರಿಯುತ್ತದೆ. ಅದು ಉರಿಯುವ ಮೊದಲು ಒಳಗೆ ಏನು ತುಂಬಿದೆವು, ಯಾರಿಗೆ ಸುರಿದೆವು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಸನ್ನಿಧಾನದಲ್ಲಿ ಬರೆದಿರುವುದು "ತತ್ತ್ವಮಸಿ", ಅದು ನೀನೇ. ಅದನ್ನು ಓದಲು ನಾನು ಹದಿನೆಂಟು ಮೆಟ್ಟಿಲು ಹತ್ತಬೇಕಾಯಿತು. ತಮ್ಮ ಹತ್ತದೆಯೇ ನಡೆಸಿದ್ದ. ಹಾಗಂತ ವ್ರತ ಬೇಡವೆಂದಲ್ಲ; ನನ್ನಂಥವನಿಗೆ ಇಷ್ಟು ಕಲಿಯಲು ಅಯ್ಯಪ್ಪನೇ ಬೇಕಾಯಿತು.

ಸ್ವಾಮಿಗಳೇ, ಈ 41 ದಿನಗಳಲ್ಲಿ ದಿನಕ್ಕೊಂದು ಗಂಟೆ ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಊರಲ್ಲಿದ್ದರೆ ಫೋನ್ ಮಾಡಿ. ಸಾವು ಬಂದು ಮಾಲೆ ತೆಗೆಯಬೇಕಾದರೂ ವ್ರತ ವ್ಯರ್ಥವಾಯಿತೆಂದು ಕೊರಗಬೇಡಿ. ಅಂಥ ಹೊತ್ತಿನಲ್ಲಿ ಮನೆಯವರ ಕೈ ಹಿಡಿದು ನಿಲ್ಲುವುದೂ ವ್ರತವೇ.

ಸ್ವಾಮಿ ಶರಣಂ.