ಕಾಲೇಜಿನ ಮೊದಲ ದಿನಗಳು ಮತ್ತು ಎರಡು ಬಗೆಯ ನಾಚಿಕೆ



ಪಿಯುಸಿ ಫಲಿತಾಂಶ ಬಂದು, ಅರ್ಜಿ ತುಂಬಿ, ಶುಲ್ಕ ಕಟ್ಟಿ ಮುಗಿಯಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ದೊಡ್ಡದೊಂದು ಭಾರ ಇಳಿದಂತಾಗುತ್ತದೆ. ಮಗ ಅಥವಾ ಮಗಳು ಕಾಲೇಜು ಸೇರಿದರು, ಇನ್ನು ಅವರ ಪಾಡು ಅವರದು ಎಂದು ತಂದೆ-ತಾಯಿ ಉಸಿರು ಬಿಡುತ್ತಾರೆ. ಆದರೆ ಮಗುವಿನ ಪರೀಕ್ಷೆ ಅಂದಿನಿಂದಲೇ ಶುರುವಾಗುತ್ತದೆ. ಆ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇಲ್ಲ, ವೇಳಾಪಟ್ಟಿ ಇಲ್ಲ. ಮೊದಲ ಹದಿನೈದು ದಿನಗಳಲ್ಲಿ ಅವನು ಯಾರ ಪಕ್ಕ ಕುಳಿತ, ಏನು ಕೇಳಿ ನಕ್ಕ, ಏನನ್ನು ಮುಚ್ಚಿಟ್ಟ ಎಂಬುದರ ಮೇಲೆ ಮುಂದಿನ ಮೂರು ವರ್ಷದ ನಡೆ ಬಹುಮಟ್ಟಿಗೆ ನಿಂತಿರುತ್ತದೆ.

ಬೇವೂರಿನ ಕಡೆಯ ಹುಡುಗರನ್ನೇ ನೋಡಿರಿ. ಊರಿನಲ್ಲಿಯೇ ಪದವಿ ಕಾಲೇಜು ಇದೆ. ಕೆಲವರು ಅಲ್ಲಿಗೆ ಸೇರುತ್ತಾರೆ, ಕೆಲವರು ಬಸ್ಸು ಹತ್ತಿ ಬಾಗಲಕೋಟೆಗೆ ಹೋಗುತ್ತಾರೆ. ಬಾಗಲಕೋಟೆ 1997ರಲ್ಲಿ ಜಿಲ್ಲೆಯಾಯಿತು. ಅದಕ್ಕೂ ಬಹಳ ಹಿಂದೆ, 1906ರಲ್ಲಿಯೇ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಲ್ಲಿ ಸುತ್ತಲಿನ ಎಲ್ಲ ಸಮುದಾಯದ ಮಕ್ಕಳು ಕಲಿಯುತ್ತ ಬಂದಿದ್ದಾರೆ. ಇಳಕಲ್ಲಿನ ಮಗ್ಗದ ಮನೆಯವರು, ಗುಳೇದಗುಡ್ಡದ ಖಣ ನೇಯುವವರು, ಹುನಗುಂದದ ಎರಿ ಹೊಲದಲ್ಲಿ ದುಡಿಯುವವರು, ಗೌಂಡಿಗಳು, ಹಮಾಲರು ಹೀಗೆ ಎಲ್ಲರ ಮಕ್ಕಳೂ ಒಂದೇ ಕೋಣೆಯಲ್ಲಿ ಬಂದು ಕೂರುತ್ತಾರೆ. ಎಷ್ಟೋ ಮನೆಗಳಿಗೆ ಇದು ಮೊದಲ ತಲೆಮಾರಿನ ಕಾಲೇಜು.

ಹೀಗೆ ಬಂದು ಕೂತ ಮಗುವನ್ನು ಮೊದಲು ಹಿಡಿಯುವುದು ನಾಚಿಕೆ. ನಾಚಿಕೆಯಲ್ಲಿ ಎರಡು ಬಗೆ. ಒಂದು ಈಮಾನಿನ ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ ಹಯಾ. ಕೆಟ್ಟದ್ದನ್ನು ಮಾಡುವ ಮೊದಲು ಅಲ್ಲಾಹನು ನೋಡುತ್ತಿದ್ದಾನೆಂದು ಕೈ ಹಿಂದಕ್ಕೆ ಬರುವುದೇ ಅದು. ಇನ್ನೊಂದು, ಜನ ಏನೆಂದಾರು ಎಂಬ ಅಂಜಿಕೆ. ಮೊದಲನೆಯದು ಪಾಪದಿಂದ ತಡೆಯುತ್ತದೆ, ಎರಡನೆಯದು ಒಳ್ಳೆಯ ಕೆಲಸದಿಂದ ತಡೆಯುತ್ತದೆ. ಕಾಲೇಜಿನ ಮೊದಲ ದಿನಗಳಲ್ಲಿ ಎಷ್ಟೋ ಮಕ್ಕಳಲ್ಲಿ ಇವೆರಡೂ ಅದಲುಬದಲಾಗುತ್ತವೆ. ನಾಚಬೇಕಾದಲ್ಲಿ ನಾಚುವುದಿಲ್ಲ, ನಾಚಬಾರದಲ್ಲಿ ನಾಚುತ್ತಾರೆ.

ತರಗತಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಈಗ ಇದ್ದಕ್ಕಿದ್ದಂತೆ ಇಂಗ್ಲಿಷಿನ ಪಾಠ. ತಿಳಿಯದಿದ್ದರೂ ತಿಳಿದವರಂತೆ ತಲೆಯಾಡಿಸುತ್ತಾರೆ, ತಿಳಿದಿದ್ದರೂ ಎದ್ದು ಹೇಳಲು ಹಿಂಜರಿಯುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬರುವ ಪ್ರಸಂಗವೊಂದಿದೆ. ಪ್ರವಾದಿವರ್ಯರು(ಸ) ಒಮ್ಮೆ ಸಹಾಬಿಗಳಿಗೆ ಪ್ರಶ್ನೆಯೊಂದನ್ನು ಹಾಕಿದರು. ಎಲೆ ಉದುರದ ಒಂದು ಮರವಿದೆ, ಅದು ಮುಸ್ಲಿಮನಿಗೆ ಹೋಲಿಕೆ, ಅದಾವುದು ಎಂದು ಕೇಳಿದರು. ಎಲ್ಲರ ಮನಸ್ಸು ಮರುಭೂಮಿಯ ಗಿಡಗಳತ್ತ ಹೋಯಿತು. ಹ. ಅಬ್ದುಲ್ಲಾ ಇಬ್ನು ಉಮರ್(ರ) ಅವರಿಗೆ ಅದು ಖರ್ಜೂರದ ಮರವೆಂದು ಹೊಳೆಯಿತು. ಆದರೆ ಅವರು ಆ ಸಭೆಯಲ್ಲಿ ಕಿರಿಯರು. ಹಿರಿಯರೇ ಮೌನವಾಗಿರುವುದನ್ನು ಕಂಡು ನಾಚಿ ಸುಮ್ಮನಾದರು. ಬಳಿಕ ತಂದೆಗೆ ಇದನ್ನು ತಿಳಿಸಿದಾಗ ಹ. ಉಮರ್(ರ) ಅವರು, ನೀನು ಅಲ್ಲಿಯೇ ಹೇಳಿದ್ದರೆ ನನಗೆ ದೊಡ್ಡ ಸಂಪತ್ತಿಗಿಂತ ಹೆಚ್ಚು ಪ್ರಿಯವಾಗುತ್ತಿತ್ತು ಎಂಬರ್ಥದ ಮಾತನ್ನಾಡಿದರು.

ಆ ತಂದೆ ದೊಡ್ಡವರ ನಡುವೆ ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದಾಯಿತು ಎನ್ನಲಿಲ್ಲ. ಮಗನ ಅರಿವು ಸಭೆಗೆ ಕೇಳಿಸಬೇಕಿತ್ತು ಎಂದು ಬಯಸಿದರು. ನಾವು ನಮ್ಮ ಮಕ್ಕಳಿಗೆ ಹೀಗೆ ಹೇಳುತ್ತೇವೆಯೇ? ಭಾಷೆ ಬಾರದೆಂದು ಕುಗ್ಗುವವರು ಹ. ಝೈದ್ ಬಿನ್ ಸಾಬಿತ್(ರ) ಅವರನ್ನು ನೆನೆಯಬೇಕು. ಪ್ರವಾದಿವರ್ಯರ(ಸ) ಆದೇಶದಂತೆ ಅವರು ಯಹೂದಿಯರ ಬರವಣಿಗೆಯನ್ನು ಸುಮಾರು ಹದಿನೈದು ದಿನಗಳಲ್ಲಿ ಕಲಿತರೆಂದು ವರದಿಯಾಗಿದೆ. ಆಗ ಅವರು ಎಳೆಯ ಹರೆಯದವರು. ಬೇರೆ ಭಾಷೆ ಕಲಿಯುವುದು ನಮ್ಮ ಪರಂಪರೆಗೆ ಹೊರಗಿನ ಮಾತಲ್ಲ. ಗೊತ್ತಿಲ್ಲದ್ದನ್ನು ಕೇಳುವವನು ಒಂದು ಗಳಿಗೆ ಸಣ್ಣವನಾಗಿ ಕಂಡಾನು. ಕೇಳದೆ ಉಳಿದವನಿಗೆ ಪರೀಕ್ಷೆಯ ದಿನ ಅದರ ಬೆಲೆ ತಿಳಿಯುತ್ತದೆ.

ಎರಡನೆಯದು ಇನ್ನೂ ನೋವಿನ ಸಂಗತಿ. ಹೊಸ ಗೆಳೆಯರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ತಂದೆ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ ಅಥವಾ ಗೌಂಡಿ ಕೆಲಸ ಮಾಡುತ್ತಾರೆ ಎನ್ನಲು ಮಗನ ನಾಲಿಗೆ ತಡವರಿಸುತ್ತದೆ. ಬಿಸಿನೆಸ್ ಎಂದೋ ಕಂಟ್ರಾಕ್ಟರ್ ಎಂದೋ ಹೇಳಿಬಿಡುತ್ತಾನೆ. ಆ ಒಂದು ಸುಳ್ಳನ್ನು ಕಾಪಾಡಲು ಹತ್ತು ಸುಳ್ಳು ಬೇಕಾಗುತ್ತದೆ. ದುಬಾರಿ ಮೊಬೈಲು ಬೇಕು, ಕ್ಯಾಂಟೀನಿನಲ್ಲಿ ಎಲ್ಲರ ಬಿಲ್ಲು ಕಟ್ಟಬೇಕು, ಬೈಕು ಬೇಕು. ತಂದೆ ಸಾಲ ಮಾಡುತ್ತಾನೆ. ಕೊನೆಗೆ ಆ ತಂದೆಯೇ ಕಾಲೇಜಿನ ಗೇಟಿಗೆ ಬಂದರೆ ಮಗ ಮುಖ ತಿರುಗಿಸುವ ದಿನವೂ ಬರುತ್ತದೆ.

ಅಲ್ಲಾಹನು ಆರಿಸಿದ ಪ್ರವಾದಿಗಳು ಏನು ಮಾಡುತ್ತಿದ್ದರು? ಪ್ರವಾದಿ ಝಕರಿಯ್ಯಾ(ಅ) ಬಡಿಗರಾಗಿದ್ದರು. ಪ್ರವಾದಿ ದಾವೂದ್(ಅ) ಅರಸರಾಗಿದ್ದೂ ತಮ್ಮ ಕೈ ದುಡಿಮೆಯಿಂದ ಉಣ್ಣುತ್ತಿದ್ದರು. ನಮ್ಮ ಪ್ರವಾದಿವರ್ಯರು(ಸ) ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾದರು, ಅದನ್ನು ಮುಚ್ಚಿಡದೆ ತಾವೇ ಸಹಾಬಿಗಳಿಗೆ ತಿಳಿಸಿದರು. ಹಲಾಲಿನ ಬೆವರಿನಲ್ಲಿ ನಾಚುವಂಥದ್ದು ಏನೂ ಇಲ್ಲ. ನಾಚಬೇಕಾದದ್ದು ಆ ಬೆವರನ್ನು ಅಲ್ಲಗಳೆಯುವ ಸುಳ್ಳಿಗೆ. ಬಟ್ಟೆಬರೆಯ ಚಿಂತೆ ಹತ್ತಿದವರು ಹ. ಮುಸ್‌ಅಬ್ ಬಿನ್ ಉಮೈರ್(ರ) ಅವರ ಕಥೆ ಓದಲಿ. ಮಕ್ಕಾದಲ್ಲಿ ಅವರಷ್ಟು ಒಳ್ಳೆಯ ಉಡುಪು ತೊಡುವ ಯುವಕ ವಿರಳ. ಉಹುದ್‌ನಲ್ಲಿ ಹುತಾತ್ಮರಾದಾಗ ಅವರಿಗೆ ಸಿಕ್ಕ ಬಟ್ಟೆ ತಲೆ ಮುಚ್ಚಿದರೆ ಕಾಲಿಗೆ ಸಾಲದಷ್ಟು ಚಿಕ್ಕದಿತ್ತು. ಕಾಲಿಗೆ ಹುಲ್ಲು ಹೊದಿಸಿ ದಫನ ಮಾಡಿದರು. ಅವರ ಗೌರವ ಒಂದಿಷ್ಟೂ ಕಡಿಮೆಯಾಗಲಿಲ್ಲ. ಇದೇ ರೀತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು, ಕಛೇರಿಯಲ್ಲಿ ವಿಚಾರಿಸಲು ಸಂಕೋಚಪಡುವುದೂ ತಪ್ಪು. ಸಂಕೋಚಕ್ಕೆ ಕೊನೆಯ ದಿನಾಂಕ ಕಾಯುವುದಿಲ್ಲ.

ಮೂರನೆಯದು ಗೆಳೆತನ. ಕಸ್ತೂರಿ ಮಾರುವವನ ಮತ್ತು ಕುಲುಮೆ ಊದುವವನ ಉಪಮೆ ಎಲ್ಲರಿಗೂ ಗೊತ್ತು. ಒಬ್ಬನ ಬಳಿ ಕೂತರೆ ಪರಿಮಳವಾದರೂ ದಕ್ಕುತ್ತದೆ, ಇನ್ನೊಬ್ಬನ ಬಳಿ ಕೂತರೆ ಕಿಡಿ ಹಾರಿ ಬಟ್ಟೆ ಸುಟ್ಟೀತು, ಇಲ್ಲವೇ ಹೊಗೆಯ ನಾತವಾದರೂ ಉಳಿದೀತು. ಇದನ್ನು ಕೆಲವರು ನಮ್ಮವರು, ಬೇರೆಯವರು ಎಂಬ ಲೆಕ್ಕಕ್ಕೆ ಇಳಿಸುತ್ತಾರೆ. ಪ್ರವಾದಿವರ್ಯರು(ಸ) ಹಿಜ್ರತ್‌ನ ಅಪಾಯದ ದಾರಿಯಲ್ಲಿ ದಾರಿ ತೋರಿಸಲು ನಂಬಿದ್ದು ಆಗ ಮುಸ್ಲಿಮನಾಗಿರದ ಅಬ್ದುಲ್ಲಾ ಬಿನ್ ಉರೈಖಿತ್ ಎಂಬವನನ್ನು. ಅವನು ನಂಬಿಕೆ ಉಳಿಸಿಕೊಂಡನು. ಆದ್ದರಿಂದ ಗೆಳೆಯನ ಹೆಸರಿಗಿಂತ ಅವನ ನಡತೆ ನೋಡಬೇಕು. ನೋಟ್ಸು ಹಂಚಿಕೊಳ್ಳುವ, ಕ್ಲಾಸು ತಪ್ಪಿಸಬೇಡ ಎನ್ನುವ, ನಮಾಝಿನ ಹೊತ್ತಾಯಿತು ಹೋಗಿ ಬಾ ಎನ್ನುವ ಗೆಳೆಯ ಯಾವ ಮನೆಯವನಾದರೂ ಕಸ್ತೂರಿಯೇ. ಗುಟ್ಕಾ ಕೈಗಿಡುವವನು, ಮೊಬೈಲಿನಲ್ಲಿ ಹೊಲಸು ತೋರಿಸುವವನು ನಮ್ಮ ಓಣಿಯವನಾದರೂ ಕುಲುಮೆಯೇ.

ನಿಜವಾದ ಹಯಾ ಬೇಕಾದದ್ದು ಇಲ್ಲಿ. ಕಾಲೇಜಿನಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುತ್ತಾರೆ. ಪವಿತ್ರ ಕುರ್‌ಆನ್ ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸಲು ಮೊದಲು ಆಜ್ಞಾಪಿಸಿದ್ದು ಪುರುಷರಿಗೆ, ಆನಂತರ ಸ್ತ್ರೀಯರಿಗೆ. ಮಗಳಿಗೆ ನೂರು ಬುದ್ಧಿ ಹೇಳಿ ಮಗನಿಗೆ ಒಂದೂ ಹೇಳದ ಮನೆಗಳು ಈ ಕ್ರಮವನ್ನು ಗಮನಿಸಬೇಕು. ಸಹಪಾಠಿನಿಯ ಚಿತ್ರವನ್ನು ಕೇಳದೆ ತೆಗೆಯುವುದು, ಅವಳ ಬಗ್ಗೆ ಗುಂಪಿನಲ್ಲಿ ಹಗುರವಾಗಿ ಬರೆಯುವುದು ಹಯಾ ಸತ್ತ ಮನಸ್ಸಿನ ಕೆಲಸ.

ಹೊಸಬರನ್ನು ಗೋಳು ಹೊಯ್ದುಕೊಳ್ಳುವ ರ್‍ಯಾಗಿಂಗ್ ಕೂಡ ಹಾಗೆಯೇ. ಒಂದು ಜನಾಂಗ ಇನ್ನೊಂದನ್ನು ಗೇಲಿ ಮಾಡಬಾರದೆಂದು, ಅಡ್ಡಹೆಸರು ಇಡಬಾರದೆಂದು ಸೂರಃ ಅಲ್ ಹುಜುರಾತ್ ತಡೆದಿದೆ. ಹಿಮಾಚಲ ಪ್ರದೇಶದಲ್ಲಿ 2009ರಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ರ್‍ಯಾಗಿಂಗ್‌ಗೆ ಪ್ರಾಣ ತೆತ್ತನು. ಅದೇ ವರ್ಷ ಯುಜಿಸಿ ಕಟ್ಟುನಿಟ್ಟಿನ ನಿಯಮ ತಂದಿತು. 1800-180-5522 ಎಂಬ ಸಹಾಯವಾಣಿ ಇದೆ. ಪೆಟ್ಟು ತಿಂದು ನಾಚಿ ಸುಮ್ಮನಿರುವುದು ಸಹನೆಯಲ್ಲ. ದೂರು ಕೊಡುವುದು ಅನ್ಯಾಯ ಮಾಡುವವನ ಕೈ ಹಿಡಿದು ನಿಲ್ಲಿಸಿದಂತೆ. ಅವನಿಗೂ ಅದು ಉಪಕಾರವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಂದಿನ ಹೊಸಬ ಮುಂದಿನ ವರ್ಷ ಹಿರಿಯನಾಗುತ್ತಾನೆ ಎಂಬುದನ್ನೂ ಅವನಿಗೆ ಈಗಲೇ ಹೇಳಿಡಿರಿ.

ನಮಾಝಿನ ವಿಷಯದಲ್ಲಿ ಮೊದಲ ದಿನವೇ ಮುಖ್ಯ. ಝುಹರ್‌ನ ಸಮಯ ಮಧ್ಯಾಹ್ನದಿಂದ ಅಸರ್‌ವರೆಗೆ ಇರುತ್ತದೆ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಸಾಕು. ಮೊದಲ ದಿನ ಎದ್ದು ಹೋದವನನ್ನು ಎರಡನೆಯ ದಿನ ಯಾರೂ ತಿರುಗಿ ನೋಡುವುದಿಲ್ಲ. ಮೊದಲ ತಿಂಗಳು ಅಡಗಿದವನಿಗೆ ಆಮೇಲೆ ಏಳುವುದು ಬೆಟ್ಟವಾಗುತ್ತದೆ. ಶುಕ್ರವಾರ ತರಗತಿ ಅಡ್ಡ ಬಂದರೆ ಕಳ್ಳತನದಿಂದ ಹೋಗದೆ ಉಪನ್ಯಾಸಕರನ್ನು ವಿನಯದಿಂದ ಕೇಳಬೇಕು, ತಪ್ಪಿದ ಪಾಠವನ್ನು ಅಂದೇ ಬರೆದುಕೊಳ್ಳಬೇಕು.

ಕೊನೆಗೆ ತಂದೆ-ತಾಯಿಯರೇ, ನಿಮ್ಮಲ್ಲಿಯೂ ಈ ಸುಳ್ಳು ನಾಚಿಕೆ ಇದೆ. ಮಗಳನ್ನು ಬಸ್ಸಿನಲ್ಲಿ ಕಾಲೇಜಿಗೆ ಕಳಿಸಿದರೆ ಓಣಿಯವರು ಏನೆಂದಾರು ಎಂದು ಅಂಜುತ್ತೀರಿ. ಅನ್ಸಾರಿ ಸ್ತ್ರೀಯರಿಗೆ ನಾಚಿಕೆಯು ಧರ್ಮಜ್ಞಾನ ಕಲಿಯಲು ಅಡ್ಡಿಯಾಗಲಿಲ್ಲವೆಂದು ಹ. ಆಯಿಷಾ(ರ) ಮೆಚ್ಚಿ ನುಡಿದಿದ್ದಾರೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಮೇಲೆ ಖರ್ಚಿನ ನೆವವೂ ಉಳಿಯಲಿಲ್ಲ. ಸಂಜೆ ಮಗ ಮಗಳು ಮನೆಗೆ ಬಂದಾಗ ಎಷ್ಟು ಅಂಕ ಎಂದು ಕೇಳುವ ಮೊದಲು ಇವತ್ತು ಯಾರ ಪಕ್ಕ ಕೂತೆ, ಏನು ತಿಳಿಯಲಿಲ್ಲ, ಯಾರಾದರೂ ನೋಯಿಸಿದರೇ ಎಂದು ಕೇಳಿರಿ. ಬೈಯದೆ ಕೇಳಿರಿ. ಮನೆಯಲ್ಲಿ ಸತ್ಯ ಹೇಳಿ ಪೆಟ್ಟು ತಿಂದ ಮಗು ಹೊರಗೆ ಸುಳ್ಳು ಹೇಳಿ ಬದುಕಲು ಕಲಿಯುತ್ತದೆ.

ಅಲ್ಲಾಹನು ನಮ್ಮ ಮಕ್ಕಳ ಅರಿವನ್ನು ಹೆಚ್ಚಿಸಲಿ. ತನ್ನ ಮುಂದೆ ಮಾತ್ರ ನಾಚುವ ಹೃದಯವನ್ನೂ, ಸತ್ಯ ಹೇಳಲು ನಾಚದ ನಾಲಿಗೆಯನ್ನೂ ಅವರಿಗೂ ನಮಗೂ ಕರುಣಿಸಲಿ. ಆಮೀನ್.